ಮಗಳು ಮೂರು ವಾರ ಇಂಗ್ಲೆಂಡಿಗೆ ಓದಲು ಹೋಗುತ್ತಿದ್ದಾಳೆ, ಮನೆಯವರು ಹೇಗೆ ಬೆನ್ನಿಗಿರಬೇಕು?

ಜಯನಗರದ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿನಾರು ವರ್ಷ. ಈಗ ಹತ್ತನೇ ತರಗತಿ ಪರೀಕ್ಷೆಗೆ ಓದುತ್ತಿದ್ದಾಳೆ. ಜೂನ್‌ನಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಸೇರುತ್ತಾಳೆ. ಜುಲೈನಲ್ಲಿ ಕೇಂಬ್ರಿಡ್ಜ್ ಊರಿನಲ್ಲಿ ಮೂರು ವಾರದ ಬೇಸಿಗೆ ಕೋರ್ಸಿಗೆ ಆಯ್ಕೆಯಾಗಿದ್ದಾಳೆ. ವಿಷಯ ಜೀವಶಾಸ್ತ್ರ. ಅರ್ಜಿ, ಪ್ರಬಂಧ ಎಲ್ಲ ಅವಳೇ ಬರೆದಳು. ನಮಗೆ ಹೇಳಿದ್ದು ಇಂಟರ್‌ವ್ಯೂ ಮುಗಿದ ಮೇಲೆ.

ನನ್ನ ಗಂಡನಿಗೆ ಒಪ್ಪಿಗೆ ಇದೆ. ಅತ್ತೆಗೆ ಸುತರಾಂ ಇಷ್ಟವಿಲ್ಲ. "ಹೆಣ್ಣುಮಗು, ಅಷ್ಟು ದೂರ, ಒಬ್ಬಳೇ" ಅಂತ ದಿನಾ ಹೇಳುತ್ತಾರೆ. ಇದುವರೆಗೆ ಅವಳು ನಮ್ಮನ್ನು ಬಿಟ್ಟು ಉಳಿದಿರುವುದು ಹಾಸನದ ಅಜ್ಜಿ ಮನೆಯಲ್ಲಿ ಮಾತ್ರ.

ಕಾಗದಪತ್ರದ ಕೆಲಸ ಹೇಗೋ ಮಾಡಿಕೊಳ್ಳುತ್ತೇವೆ, ಅದಕ್ಕೂ ಸಲಹೆ ಇದ್ದರೆ ಹೇಳಿ. ನನಗೆ ನಿಜವಾಗಿ ಕೇಳಬೇಕಿರುವುದು ಬೇರೆ. ಅಲ್ಲಿಗೆ ಹೋದಮೇಲೆ ಅತ್ತುಕೊಂಡು ಫೋನ್ ಮಾಡಿದರೆ ಏನು ಹೇಳಬೇಕು? ದಿನಾ ಮಾತಾಡಬೇಕಾ, ಬೇಡವಾ? ಇಷ್ಟು ದೂರದಿಂದ ತಾಯಿಯಾಗಿ ನಾನು ಏನು ಮಾಡಬಹುದು? ಮಕ್ಕಳನ್ನು ಕಳಿಸಿದವರು ದಯವಿಟ್ಟು ಬಿಡಿಸಿ ಹೇಳಿ.

ಎಚ್‌ಎಸ್‌ಆರ್ ಲೇಔಟ್ ಅಪ್ಪ

ಮೊದಲು ಅಭಿನಂದನೆ. ಒಂದು ನೇರ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೋರ್ಸ್ ನಡೆಸುವವರು ಯಾರು? ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಊರುಗಳಲ್ಲಿ ಬೇಸಿಗೆಗೆ ನಡೆಯುವ ಎಷ್ಟೋ ಕೋರ್ಸುಗಳು ವಿಶ್ವವಿದ್ಯಾಲಯದ್ದಲ್ಲ. ರಜೆಯಲ್ಲಿ ಕಾಲೇಜುಗಳ ಕೊಠಡಿ, ಹಾಸ್ಟೆಲ್ ಬಾಡಿಗೆಗೆ ಸಿಗುತ್ತವೆ. ಖಾಸಗಿ ಸಂಸ್ಥೆಗಳು ಅಲ್ಲಿ ತರಗತಿ ನಡೆಸುತ್ತವೆ. ಅದರಲ್ಲಿ ತಪ್ಪೇನಿಲ್ಲ, ಪಾಠ ಚೆನ್ನಾಗಿಯೇ ಇರಬಹುದು. ಆದರೆ "ಕೇಂಬ್ರಿಡ್ಜ್‌ನಲ್ಲಿ ಓದಿದಳು, ನಾಳೆ ಅಲ್ಲೇ ಸೀಟು ಸಿಗುತ್ತೆ" ಅಂತ ಯಾರಾದರೂ ಏಜೆಂಟ್ ಹೇಳಿದರೆ ನಂಬಬೇಡಿ. ಅಮೆರಿಕದ ಬೇಸಿಗೆ ಕೋರ್ಸುಗಳ ಮಾತೂ ಇದೇ. ದೊಡ್ಡ ಹೆಸರಿನ ವಿಶ್ವವಿದ್ಯಾಲಯ ತಾನೇ ನಡೆಸುವ ಕೋರ್ಸಾದರೂ ಮುಂದೆ ಪ್ರವೇಶಕ್ಕೆ ಅದು ಗ್ಯಾರಂಟಿ ಅಲ್ಲ.

ನಮ್ಮ ಮನೆಯಲ್ಲೂ ಈ ಮಾತು ಬಂದಿತ್ತು. ಆಗ ಮಗನನ್ನು ಹೈಗ್ರೌಂಡ್ಸ್‌ನ ನೆಹರು ತಾರಾಲಯದ ಬೇಸಿಗೆ ವಿಜ್ಞಾನ ಶಿಬಿರಕ್ಕೆ ಸೇರಿಸಿದೆವು. ಖರ್ಚು ಹೋಲಿಕೆಗೇ ಸಿಗದಷ್ಟು ಕಡಿಮೆ. ಅವನಿಗೆ ಭೌತಶಾಸ್ತ್ರದ ಹುಚ್ಚು ಹಿಡಿದದ್ದು ಅಲ್ಲೇ. ಹಾಗಾಗಿ ಕೇಳುತ್ತಿದ್ದೇನೆ, ಮಗಳು ಯಾಕೆ ಹೋಗಬೇಕು ಅಂತಿದ್ದಾಳೆ?

ಜಯನಗರದ ತಾಯಿ

ಬೇಜಾರೇನಿಲ್ಲ ಸರ್, ಇದೇ ಪ್ರಶ್ನೆ ನಾವೂ ಕೇಳಿದೆವು. ನಡೆಸುವುದು ಖಾಸಗಿ ಸಂಸ್ಥೆಯೇ. ಅವಳಿಗೂ ಅದು ಗೊತ್ತು. ಬ್ರಿಟಿಷ್ ಕೌನ್ಸಿಲ್ ಮಾನ್ಯತೆ ಇದೆ ಅಂತ ಪಟ್ಟಿ ನೋಡಿ ಖಚಿತ ಮಾಡಿಕೊಂಡಿದ್ದೇವೆ. ಅವಳು ಹೇಳಿದ್ದು ಇಷ್ಟೇ: "ಅಮ್ಮ, ಲ್ಯಾಬ್‌ನಲ್ಲಿ ಕೈಯಾರೆ ಕೆಲಸ ಮಾಡಬೇಕು. ಬೇರೆ ದೇಶದ ಮಕ್ಕಳು ಹೇಗೆ ಯೋಚನೆ ಮಾಡ್ತಾರೆ ಅಂತ ನೋಡಬೇಕು. ಮುಂದೆ ಹೊರಗೆ ಓದೋಕೆ ನನ್ನ ಕೈಲಿ ಆಗುತ್ತಾ ಅಂತ ಈಗಲೇ ಗೊತ್ತಾಗಲಿ." ಕೊನೆಯ ಮಾತು ಕೇಳಿ ನಾವು ಒಪ್ಪಿದೆವು.

ಎಚ್‌ಎಸ್‌ಆರ್ ಲೇಔಟ್ ಅಪ್ಪ

ಹಾಗಿದ್ದರೆ ಖಂಡಿತ ಕಳಿಸಿ. ಯಾಕೆ ಅಂತ ಮಗುವಿಗೇ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಸಂಸ್ಥೆಗೆ ಈಗಲೇ ಮೇಲ್ ಬರೆದು ಕೆಲವು ವಿಷಯ ಕೇಳಿಟ್ಟುಕೊಳ್ಳಿ. ರಾತ್ರಿ ಹುಡುಗಿಯರ ಮಹಡಿಯಲ್ಲಿ ಮಲಗುವ ಸಿಬ್ಬಂದಿ ಯಾರು? ಸಿಬ್ಬಂದಿಯ ಹಿನ್ನೆಲೆ ತಪಾಸಣೆ ಆಗಿದೆಯಾ? ಅಲ್ಲಿ ಅದಕ್ಕೆ ಡಿಬಿಎಸ್ ಚೆಕ್ ಅನ್ನುತ್ತಾರೆ. ಮಕ್ಕಳ ಸುರಕ್ಷತೆಗೆ ಹೊಣೆಗಾರರು ಯಾರು, ಅವರ ನೇರ ನಂಬರ್ ಯಾವುದು? ಸಂಜೆ ಮಕ್ಕಳನ್ನು ಊರೊಳಗೆ ಬಿಡುತ್ತಾರಾ, ಎಷ್ಟು ಗಂಟೆಯವರೆಗೆ? ಒಳ್ಳೆಯ ಸಂಸ್ಥೆ ಇದಕ್ಕೆಲ್ಲ ಒಂದೆರಡು ದಿನದಲ್ಲಿ ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ಉತ್ತರ ತೇಲಿಸಿದರೆ ಅನುಮಾನ ಪಡಿ.

ರಾಜಾಜಿನಗರದ ಅಪ್ಪ

ಕಾಗದದ ವಿಷಯ ನಾನು ಹೇಳುತ್ತೇನೆ. ನಮ್ಮ ಮಗಳು ಇಂಗ್ಲೆಂಡಿಗೆ, ಅಣ್ಣನ ಮಗ ಅಮೆರಿಕಕ್ಕೆ ಹೋಗಿಬಂದಿದ್ದಾರೆ. ಎರಡೂ ಕಡೆಯ ಓಡಾಟ ನನ್ನದೇ.

ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡಿ. ನಮ್ಮ ಕಡೆ ಮಕ್ಕಳಿಗೆ ಒಂದೇ ಹೆಸರು, ಹಿಂದೆ ಅಪ್ಪನ ಹೆಸರಿನದೋ ಊರಿನದೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಎಷ್ಟೋ ಸಲ ಖಾಲಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಹೀಗಿದ್ದರೆ ಪ್ರತಿ ಕೌಂಟರಿನಲ್ಲೂ ವಿವರಣೆ ಕೊಡಬೇಕಾಗುತ್ತದೆ. ಅಣ್ಣನ ಮಗನಿಗೆ ಸರ್‌ನೇಮ್ ಇರಲಿಲ್ಲ. ಅಮೆರಿಕದ ವೀಸಾದಲ್ಲಿ ಅವನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ "ಮೊದಲ ಹೆಸರು ಗೊತ್ತಿಲ್ಲ" ಅಂತ ಬಂತು. ಅದು ಅಲ್ಲಿನ ರೂಢಿ, ಗಾಬರಿ ಬೇಡ. ಆದರೆ ಟಿಕೆಟ್ ಬುಕ್ ಮಾಡುವಾಗ ಏರ್‌ಲೈನ್‌ಗೆ ಫೋನ್ ಮಾಡಿ ಹೆಸರು ಹೇಗೆ ಹಾಕಬೇಕು ಅಂತ ಕೇಳಿಯೇ ಹಾಕಿ. ಪಾಸ್‌ಪೋರ್ಟ್ ತಿದ್ದಿಸುವುದಿದ್ದರೆ ಈಗಲೇ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಚಿಕ್ಕವರ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. 15 ತುಂಬಿದವರು 10 ವರ್ಷದ್ದನ್ನೂ ಕೇಳಬಹುದು. ಮುಂದೆ ಓದಲು ಹೋಗುವ ಆಸೆ ಇದ್ದರೆ ಅದೇ ವಾಸಿ.

ಇಂಗ್ಲೆಂಡಿನಲ್ಲಿ 6 ತಿಂಗಳೊಳಗಿನ ಇಂಥ ಕೋರ್ಸಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಪ್ರಯಾಣದ ದಿನಕ್ಕೆ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಅಂದರೆ ನಿಮಗೆ ಏಪ್ರಿಲ್. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ಜನನ ಪ್ರಮಾಣಪತ್ರ, ಕೋರ್ಸಿನವರ ಪತ್ರ, ಕಾಲೇಜಿನ ಪತ್ರ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್ ಜೋಡಿಸಿಟ್ಟುಕೊಳ್ಳಿ. ಒಪ್ಪಿಗೆ ಪತ್ರದಲ್ಲಿ ವಿಮಾನ ನಿಲ್ದಾಣದಲ್ಲಿ ಮಗಳನ್ನು ಯಾರು ಬರಮಾಡಿಕೊಳ್ಳುತ್ತಾರೆ, ಎಲ್ಲಿ ಉಳಿಯುತ್ತಾಳೆ ಅಂತ ಬರೆಯಿರಿ. ನೋಟರಿ ಮಾಡಿಸಿ ಒಂದು ಪ್ರತಿ ಅವಳ ಕೈಚೀಲದಲ್ಲೂ ಇಡಿ. ಇಮಿಗ್ರೇಷನ್‌ನಲ್ಲಿ ಕೇಳಿದರೆ ಅವಳೇ ತೆಗೆದು ಕೊಡಲಿ.

ಯುರೋಪಿಗೆ ಕಳಿಸುವವರು ಓದುತ್ತಿದ್ದರೆ, ಷೆಂಗನ್ ವೀಸಾಕ್ಕೆ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ್ದು ಬೇರೆ ಲೆಕ್ಕ. ವಾರಕ್ಕೆ 18 ಗಂಟೆ ಅಥವಾ ಜಾಸ್ತಿ ತರಗತಿ ಇದ್ದರೆ ಪ್ರವಾಸಿ ವೀಸಾದಲ್ಲಿ ಹೋಗುವಂತಿಲ್ಲ, ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ಬೇಕು. ಅದಕ್ಕೆ ಕೋರ್ಸಿನವರು ಐ-20 ಅನ್ನುವ ಪ್ರವೇಶದ ಫಾರಂ ಕಳಿಸಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯಿತು, ಆದರೆ ಆಗ ವೀಸಾ ಕೆಲಸ ಶುರುವಾಗಿರಲಿಲ್ಲ. ನಾವು ಚೆನ್ನೈಗೆ ಹೋದೆವು.

ದುಡ್ಡು: ಹೊರದೇಶಕ್ಕೆ ಕಳಿಸುವ ಹಣ ಒಬ್ಬರ ಹೆಸರಲ್ಲಿ ವರ್ಷಕ್ಕೆ 10 ಲಕ್ಷ ದಾಟದಿದ್ದರೆ ಟಿಸಿಎಸ್, ಅಂದರೆ ಬ್ಯಾಂಕಿನವರು ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುವುದಿಲ್ಲ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷ ಇತ್ತು. ಹಿಡಿದರೂ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಶುಲ್ಕ ನಿಮ್ಮ ಖಾತೆಯಿಂದ ಬ್ಯಾಂಕಿನ ಮೂಲಕ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ. ನಮಗೆ ಒಬ್ಬ ಏಜೆಂಟ್ "ನಮ್ಮ ಖಾತೆಗೆ ಹಾಕಿ, ನಾವು ಕಟ್ಟುತ್ತೇವೆ" ಅಂದಿದ್ದ. ಅಲ್ಲಿಗೇ ಅವನ ಸಹವಾಸ ಬಿಟ್ಟೆವು.

ಪಿಯು ಮೇಷ್ಟ್ರು, ಬಸವನಗುಡಿ

ಮೇಡಂ, ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ನಮ್ಮ ಬೇಸಿಗೆ ರಜೆ ಏಪ್ರಿಲ್, ಮೇ. ಅವರ ಬೇಸಿಗೆ ಜುಲೈ, ಆಗಸ್ಟ್. ಐಬಿ, ಐಜಿಸಿಎಸ್‌ಇ ಥರದ ವಿದೇಶಿ ಪಠ್ಯಕ್ರಮದ ಶಾಲೆಗಳ ಮಕ್ಕಳಿಗೆ ಜುಲೈನಲ್ಲಿ ಸಾಮಾನ್ಯವಾಗಿ ರಜೆ ಇರುತ್ತದೆ. ನಮ್ಮ ಪಿಯು, ಸಿಬಿಎಸ್‌ಇ ಮಕ್ಕಳಿಗೆ ಅದು ಪಾಠ ರಭಸವಾಗಿ ಸಾಗುವ ಸಮಯ.

75 ಪರ್ಸೆಂಟ್ ಹಾಜರಾತಿ ಕಡ್ಡಾಯ. ಮೂರು ವಾರಕ್ಕೆ ಹಾಜರಾತಿ ಕೆಡುವುದಿಲ್ಲ, ಆಮೇಲೆ ಜ್ವರ, ಮದುವೆ ಅಂತ ಜಾಸ್ತಿ ತಪ್ಪಿಸದಿದ್ದರೆ ಆಯಿತು. ನನ್ನ ಚಿಂತೆ ಪಾಠದ್ದು. ಫಸ್ಟ್ ಪಿಯುಸಿಗೆ ಬಂದವರಿಗೆ ಹತ್ತನೇ ತರಗತಿಯಿಂದ ಇದು ದೊಡ್ಡ ಜಿಗಿತ. ಜುಲೈ ಹೊತ್ತಿಗೆ ಭೌತಶಾಸ್ತ್ರದಲ್ಲಿ ವೆಕ್ಟರ್, ಸಮತಲದಲ್ಲಿ ಚಲನೆ. ಗಣಿತದಲ್ಲಿ ಗಣಗಳು, ಸಂಬಂಧ ಮತ್ತು ಉತ್ಪನ್ನ, ತ್ರಿಕೋನಮಿತಿ. ಮುಂದಿನ ಎರಡು ವರ್ಷ ನಿಲ್ಲುವುದೇ ಇದರ ಮೇಲೆ. ಇದನ್ನು ತಪ್ಪಿಸಿಕೊಂಡ ಮಗು ಆಗಸ್ಟ್‌ನಲ್ಲಿ ತರಗತಿಗೆ ಬಂದು ಕೂತರೆ ಬೋರ್ಡಿನ ಮೇಲಿನ ಬಾಣದ ಗುರುತು ಏನು ಅಂತಲೂ ತಿಳಿಯುವುದಿಲ್ಲ. ಆಗ "ನಾನು ದಡ್ಡಿ" ಅಂದುಕೊಳ್ಳುತ್ತಾಳೆ. ಇಂಗ್ಲೆಂಡಿನಿಂದ ತಂದ ಆತ್ಮವಿಶ್ವಾಸ ಒಂದೇ ವಾರದಲ್ಲಿ ಕರಗುತ್ತದೆ.

ಅದಕ್ಕೆ ಹೀಗೆ ಮಾಡಿ. ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯಲ್ಲಿ ಈ ಪಾಠಗಳನ್ನು ಮನೆಯಲ್ಲೇ ಒಂದು ಸಲ ಓದಿಸಿ. ಎನ್‌ಸಿಇಆರ್‌ಟಿ ಪುಸ್ತಕ ಸಾಕು, ಕೋಚಿಂಗ್ ಬೇಡ. ಕಾಲೇಜಿಗೆ ಸೇರುವಾಗಲೇ ಪ್ರಿನ್ಸಿಪಾಲರಿಗೆ ಪತ್ರ ಕೊಡಿ, ಜೂನ್ ಕೊನೆಗೆ ಹೋಗಿ ಹೇಳಬೇಡಿ. ನೋಟ್ಸ್ ಫೋಟೋ ತೆಗೆದಿಡುವ ಒಬ್ಬ ಗೆಳತಿಯನ್ನು ಮೊದಲ ವಾರದಲ್ಲೇ ಗೊತ್ತು ಮಾಡಿಕೊಳ್ಳಲಿ. ಅಲ್ಲಿರುವ ಮೂರು ವಾರ ಇಲ್ಲಿನ ಪಾಠದ ಮಾತು ಎತ್ತಲೇಬೇಡಿ. ಎರಡು ದೋಣಿಯ ಮೇಲೆ ಕಾಲಿಟ್ಟರೆ ಅಲ್ಲಿನದೂ ದಕ್ಕುವುದಿಲ್ಲ.

ಶಾಲಾ ಕೌನ್ಸೆಲರ್, ಬನಶಂಕರಿ

ನೀವು ಕೇಳಿದ ಮೂಲ ಪ್ರಶ್ನೆಗೆ ಬರುತ್ತೇನೆ. ಅತ್ತುಕೊಂಡು ಫೋನ್ ಮಾಡಿದರೆ ಏನು ಹೇಳಬೇಕು ಅಂದಿರಿ. ಹೆಚ್ಚಿನ ಮಕ್ಕಳು ಮಾಡುತ್ತಾರೆ. ಮೊದಲ ಕೆಲವು ದಿನ ಮನೆ ನೆನಪು ಬಹಳ ಕಾಡುತ್ತದೆ. ಜೆಟ್‌ಲ್ಯಾಗ್, ಹೊಸ ಊಟ, ಹೊಸ ಹಾಸಿಗೆ, ಸುತ್ತ ಎಲ್ಲರೂ ವೇಗವಾಗಿ ಇಂಗ್ಲಿಷ್ ಮಾತಾಡುವುದು, ಎಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಅದು ಕಾಯಿಲೆ ಅಲ್ಲ. ಮಗು ಸಿದ್ಧವಾಗಿಲ್ಲ ಅಂತಲೂ ಅಲ್ಲ. ಮನೆಯನ್ನು ಪ್ರೀತಿಸುವ ಮಗುವಿಗೆ ಮನೆ ನೆನಪಾಗದೆ ಇನ್ನೇನು?

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2007ರಲ್ಲೇ ಈ ವಿಷಯಕ್ಕೆ ಒಂದು ವರದಿ ಪ್ರಕಟಿಸಿದೆ. ಅದರ ಸಲಹೆಗಳು ನನ್ನ ಕೆಲಸದಲ್ಲಿ ಬಹಳ ಸಲ ನಿಜವಾಗಿವೆ. ಹೋಗುವ ತೀರ್ಮಾನದಲ್ಲಿ ಮಗುವಿಗೂ ಪಾಲಿರಬೇಕು. ನಿಮ್ಮ ಮನೆಯಲ್ಲಿ ಅದು ಆಗಿದೆ. ಹೋಗುವ ಮುಂಚೆ ಮನೆ ಬಿಟ್ಟಿರುವ ಅಭ್ಯಾಸ ಆಗಬೇಕು. ಹಾಸನದ ಅಜ್ಜಿ ಮನೆ ಅಭ್ಯಾಸದ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ಅಜ್ಜಿ ಇದ್ದಾರೆ. ಮೇ ತಿಂಗಳಲ್ಲಿ ಗೆಳತಿಯ ಮನೆಯಲ್ಲೋ, ಯಾವುದಾದರೂ ಶಿಬಿರದಲ್ಲೋ ನಾಲ್ಕೈದು ರಾತ್ರಿ ಇರಲಿ. ತನ್ನ ಬಟ್ಟೆ ತಾನೇ ಒಗೆಯಲಿ. ಆ ದಿನಗಳಲ್ಲಿ ನೀವು ದಿನಕ್ಕೆ ಒಂದೇ ಸಲ ಮಾತಾಡಿ. ಅದು ನಿಮಗೂ ಅಭ್ಯಾಸ.

ಎಲ್ಲಕ್ಕಿಂತ ಮುಖ್ಯ ಮಾತು. "ಇಷ್ಟ ಆಗದಿದ್ದರೆ ಹೇಳು ಪುಟ್ಟ, ಅಪ್ಪ ಬಂದು ಕರೆದುಕೊಂಡು ಬರ್ತಾರೆ" ಅಂತ ಹೇಳಲೇಬೇಡಿ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಮಗುವಿಗೆ ಕೇಳಿಸುವುದು "ನಿನ್ನ ಕೈಲಿ ಆಗಲ್ಲ ಅಂತ ನಮಗೆ ಗೊತ್ತು" ಅಂತ. ಮೊದಲ ಕಷ್ಟಕ್ಕೇ ಅದರ ಮನಸ್ಸು ವಾಪಸ್ ಬರುವ ದಿನ ಎಣಿಸುತ್ತದೆ, ಅಲ್ಲಿ ಒಬ್ಬರ ಪಕ್ಕ ಹೋಗಿ ಕೂರುವ ಪ್ರಯತ್ನವನ್ನೇ ಬಿಡುತ್ತದೆ. ಅದರ ಬದಲು ಹೀಗೆ ಹೇಳಿ: "ಮೊದಲು ಸ್ವಲ್ಪ ದಿನ ಮನೆ ನೆನಪಾಗುತ್ತೆ. ನಮಗೂ ನಿನ್ನ ನೆನಪಾಗುತ್ತೆ. ಆಮೇಲೆ ಕಡಿಮೆ ಆಗುತ್ತೆ. ಆಗ ಏನು ಮಾಡಬಹುದು ಅಂತ ಈಗಲೇ ಯೋಚನೆ ಮಾಡೋಣ."

ಸಮಯದ ಲೆಕ್ಕ ನೋಡಿ. ಜುಲೈನಲ್ಲಿ ಇಂಗ್ಲೆಂಡ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಕ್ಕಳಿಗೆ ದುಃಖ ಒತ್ತರಿಸಿ ಬರುವುದು ಮಲಗುವ ಹೊತ್ತಿಗೆ. ಅಲ್ಲಿ ರಾತ್ರಿ ಹತ್ತಾದರೆ ಇಲ್ಲಿ ಎರಡೂವರೆ. ಆ ಹೊತ್ತಿನಲ್ಲಿ ನಿದ್ದೆಗಣ್ಣಲ್ಲಿ ಎದ್ದು ನೀವೂ ಅತ್ತರೆ ಇಬ್ಬರಿಗೂ ಕಷ್ಟ. ಅಲ್ಲಿನ ಸಂಜೆ ಐದು, ಇಲ್ಲಿನ ರಾತ್ರಿ ಒಂಬತ್ತೂವರೆ ಒಳ್ಳೆಯ ಸಮಯ. ತರಗತಿ ಮುಗಿದಿರುತ್ತದೆ, ಊಟ ಇನ್ನೂ ಆಗಿರುವುದಿಲ್ಲ, ಮಾತು ಮುಗಿಸಿ ಗೆಳೆಯರ ಕಡೆ ಹೋಗುವ ಅವಕಾಶ ಇರುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ವಿಡಿಯೋಗಿಂತ ಬರೀ ದನಿ ಒಳ್ಳೆಯದು. ಮನೆ, ನಾಯಿ, ತಮ್ಮ ಎಲ್ಲ ಕಣ್ಣಿಗೆ ಬಿದ್ದರೆ ಸಂಕಟ ಜಾಸ್ತಿಯಾಗುತ್ತದೆ.

ಅತ್ತರೆ ಅಳಲು ಬಿಡಿ. "ಅಳಬೇಡ" ಅನ್ನಬೇಡಿ. ಕೇಳಿಸಿಕೊಳ್ಳಿ. ಆಮೇಲೆ ಚಿಕ್ಕ ಪ್ರಶ್ನೆ ಕೇಳಿ. ಇವತ್ತು ಏನು ತಿಂದೆ? ರಾತ್ರಿ ನಿದ್ದೆ ಬಂತಾ? ಊಟಕ್ಕೆ ಪಕ್ಕದಲ್ಲಿ ಕೂತವರ ಹೆಸರೇನು? ನಾಳೆ ಮೊದಲ ತರಗತಿ ಯಾವುದು? ಉತ್ತರದಲ್ಲಿ ಒಂದಾದರೂ ಹೊಸ ಹೆಸರು ಬಂದರೆ ನೆಮ್ಮದಿಯಾಗಿರಿ.

ಇನ್ನೊಂದು ಬಗೆಯ ಕಷ್ಟ ಇದೆ, ಅದನ್ನು ಮನೆ ನೆನಪು ಅಂತ ತಳ್ಳಿಹಾಕಬಾರದು. ದಿನಗಟ್ಟಲೆ ಊಟ ಬಿಟ್ಟಿದ್ದರೆ, ನಿದ್ದೆಯೇ ಬರದಿದ್ದರೆ, ತರಗತಿಗೆ ಹೋಗುವುದನ್ನೇ ನಿಲ್ಲಿಸಿದರೆ, ಯಾರೋ ಒಬ್ಬರ ಹೆಸರು ಬಂದಾಗ ಮಾತು ನಿಂತರೆ, ಕೋಣೆಗೆ ಹೋಗಲು ಹೆದರಿದರೆ ಕಾಯಬೇಡಿ. ಆಗಲೇ ಸುರಕ್ಷತೆಯ ಹೊಣೆಗಾರರಿಗೆ ಫೋನ್ ಮಾಡಿ. ಮಗಳಿಗೂ ಮನೆಯವರಿಗೂ ಮಾತ್ರ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳಿ. ಪಕ್ಕದಲ್ಲಿ ಯಾರಿದ್ದರೂ ಅವಳು ಆ ಮಾತು ಹೇಳಿದರೆ ಏನೋ ಸರಿಯಿಲ್ಲ ಅಂತ ನಿಮಗೆ ತಿಳಿಯಬೇಕು. ಅಲ್ಲಿನ ತುರ್ತು ನಂಬರ್ 999, 112 ಕೂಡ ಕೆಲಸ ಮಾಡುತ್ತದೆ. ಜೀವಕ್ಕೆ ಅಪಾಯವಿಲ್ಲದ ಆರೋಗ್ಯದ ಪ್ರಶ್ನೆಗೆ 111. ಮಕ್ಕಳೇ ನೇರವಾಗಿ ಮಾತಾಡಬಹುದಾದ ಚೈಲ್ಡ್‌ಲೈನ್ 0800 1111. ಇವನ್ನು ಫೋನಿನಲ್ಲಿ ಅಷ್ಟೇ ಅಲ್ಲ, ಕಾಗದದಲ್ಲೂ ಬರೆದು ಕೊಡಿ.

ಜಯನಗರದ ತಾಯಿ

ಮೇಡಂ, ಓದುತ್ತಾ ಕಣ್ಣು ತುಂಬಿತು. "ಅಪ್ಪ ಬಂದು ಕರೆದುಕೊಂಡು ಬರ್ತಾರೆ" ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಇನ್ನು ಹೇಳುವುದಿಲ್ಲ. ಇದನ್ನು ಪೂರ್ತಿ ಅತ್ತೆಗೂ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡು "ಊಟಕ್ಕೆ ಏನು ಮಾಡ್ತಾಳೆ?" ಅಂದರು. ಅಷ್ಟರಮಟ್ಟಿಗೆ ದಾರಿಗೆ ಬಂದಿದ್ದಾರೆ.

ಮಲ್ಲೇಶ್ವರದ ಅಜ್ಜಿ

ನಿಮ್ಮ ಅತ್ತೆಯವರಿಗೆ ನನ್ನ ಕಡೆಯಿಂದ ಹೇಳಮ್ಮ, ಊಟದ ಚಿಂತೆ ನನಗೂ ಇತ್ತು. ಮೊಮ್ಮಗಳು ಹೋಗುವಾಗ ನಾನೇ ಡಬ್ಬ ಕಟ್ಟಿದೆ. ಚಟ್ನಿಪುಡಿ, ಹುರಿದ ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಮಿಕ್ಸ್, ಕೋಡುಬಳೆ. ಇಷ್ಟು ಸಾಕು. ಉಪ್ಪಿನಕಾಯಿ ಬೇಡ, ಎಣ್ಣೆ ಸೋರಿ ಬಟ್ಟೆಯೆಲ್ಲ ಹಾಳು, ಕೈಚೀಲದಲ್ಲಿ ಬಿಡುವುದೂ ಇಲ್ಲ. ಒಣ ಕೊಬ್ಬರಿ ಗಿಟುಕು ವಿಮಾನದಲ್ಲಿ ಒಯ್ಯುವಂತಿಲ್ಲ, ಬೇಗ ಬೆಂಕಿ ಹತ್ತುವ ವಸ್ತು ಅಂತ. ಹಾಲಿನ ಪದಾರ್ಥ ಇಂಗ್ಲೆಂಡಿಗೂ ಯುರೋಪಿಗೂ ಒಯ್ಯಲು ಬಿಡುವುದಿಲ್ಲ. ಹಾಗಾಗಿ ಧಾರವಾಡ ಪೇಡ, ತುಪ್ಪ ಎಲ್ಲ ವಾಪಸ್ ಬಂದಮೇಲೆ. ಮಾಂಸದ ತಿಂಡಿಯೂ ಹಾಗೇ.

ಇನ್ನೊಂದು ವಿಷಯ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಸೇರಿದ್ದೂ ಸರಿ. ಚಾಕೊಲೇಟು, ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಯಿಂದ ತೆಗೆದ ಜೆಲಾಟಿನ್ ಇರಬಹುದು. ನೀವು ಮೊಟ್ಟೆಯೂ ತಿನ್ನದವರಾದರೆ ಫಾರಂನಲ್ಲಿ ಬಿಡಿಸಿ ಬರೆಯಿರಿ. ನನ್ನ ಮೊಮ್ಮಗಳು ಅಲ್ಲಿ ಬೇಯಿಸಿದ ಆಲೂಗಡ್ಡೆಗೆ ಬೀನ್ಸ್ ಹಾಕಿಕೊಂಡು ಅದರ ಮೇಲೆ ನನ್ನ ಚಟ್ನಿಪುಡಿ ಉದುರಿಸಿ ತಿಂದಳಂತೆ. ಟರ್ಕಿಯ ಹುಡುಗಿಯೊಬ್ಬಳು ರುಚಿ ನೋಡಿ ದಿನಾ ಕೇಳುತ್ತಿದ್ದಳಂತೆ. ಡಬ್ಬ ಎರಡನೇ ವಾರಕ್ಕೇ ಖಾಲಿ. ಸ್ವಲ್ಪ ಜಾಸ್ತಿಯೇ ಕಳಿಸಿ.

ಮಕ್ಕಳ ಡಾಕ್ಟರ್, ವಿಜಯನಗರ

ಚಿಕ್ಕದಾಗಿ ಹೇಳುತ್ತೇನೆ. ದಿನಾ ತೆಗೆದುಕೊಳ್ಳುವ ಔಷಧಿ ಇದ್ದರೆ ಪೂರ್ತಿ ದಿನಕ್ಕೆ ಆಗುವಷ್ಟು, ಮೇಲೆ ಒಂದು ವಾರದ್ದು ಸೇರಿಸಿ ಕೈಚೀಲದಲ್ಲೇ ಇಡಿ. ಮೂಲ ಪ್ಯಾಕಿಂಗ್ ಬಿಚ್ಚಬೇಡಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಜೆನೆರಿಕ್ ಹೆಸರು ಬರೆಸಿ. ಅಮೆರಿಕಕ್ಕೆ ಹೋಗುವವರಿಗೆ ಹೇಳಿಕೊಡಿ, ನಮ್ಮ ಪ್ಯಾರಾಸಿಟಮಾಲ್‌ಗೆ ಅಲ್ಲಿ ಅಸಿಟಮಿನೋಫೆನ್ ಅನ್ನುತ್ತಾರೆ. ಅಲ್ಲಿನ ಹಾಸ್ಟೆಲ್ ಕೋರ್ಸುಗಳು ಲಸಿಕೆ ದಾಖಲೆ ಕೇಳುತ್ತವೆ, ಎಂಎಂಆರ್, ಮೆನಿಂಜೋಕಾಕಲ್ ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ತಾಯಿ ಕಾರ್ಡ್ ಹುಡುಕಿಟ್ಟುಕೊಂಡು ಎರಡು ತಿಂಗಳು ಮುಂಚೆ ಡಾಕ್ಟರ್ ಹತ್ತಿರ ಹೋಗಿ. ಅಸ್ತಮಾ, ಅಲರ್ಜಿ, ಫಿಟ್ಸ್ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ವಿಮೆಯೂ ಕೈಕೊಡುತ್ತದೆ, ಸಮಯಕ್ಕೆ ಇನ್‌ಹೇಲರ್ ಕೊಡುವವರೂ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡ್, ಹೊಟ್ಟೆನೋವಿನ ಮಾತ್ರೆ ಇಲ್ಲಿಂದಲೇ ಕೊಟ್ಟು ಕಳಿಸಿ.

ಹೋದ ವರ್ಷ ಹೋಗಿಬಂದವಳು

ಆಂಟಿ, ನಾನು ಈಗ ಸೆಕೆಂಡ್ ಪಿಯುಸಿ. ಹೋದ ವರ್ಷ ಇಂಗ್ಲೆಂಡಿನಲ್ಲೇ ಬೇರೆ ಊರಿನ ಕೋರ್ಸಿಗೆ ಹೋಗಿದ್ದೆ. ಮಕ್ಕಳ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಮೊದಲ ರಾತ್ರಿ ನನಗೆ ತುಂಬಾ ಬೇಜಾರಾಯಿತು. ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ಫ್ಯಾನ್ ಸದ್ದಿಲ್ಲದೆ ಮಲಗಿಯೇ ಗೊತ್ತಿರಲಿಲ್ಲ. ರಾತ್ರಿ ಒಂಬತ್ತಾದರೂ ಕತ್ತಲಾಗಲ್ಲ, ನಿದ್ದೆ ಬರಲ್ಲ. ಅಪ್ಪ ಸೂಟ್‌ಕೇಸಿನಲ್ಲಿ ಒಂದು ಕಾಗದ ಇಟ್ಟಿದ್ದರು. ಕನ್ನಡದಲ್ಲಿ, ಒಂದೇ ಪುಟ. ಅದರಲ್ಲಿ ಉಪದೇಶ ಇರಲಿಲ್ಲ. ಅವರು ಇಪ್ಪತ್ತನೇ ವಯಸ್ಸಿನಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಮೊದಲ ವಾರ ಹೇಗಿದ್ದರು ಅಂತ ಬರೆದಿದ್ದರು. ಅದನ್ನು ಎಷ್ಟು ಸಲ ಓದಿದೆನೋ.

ಕ್ಲಾಸಿನಲ್ಲಿ ಕಷ್ಟ ಆಗಿದ್ದು ಪಾಠ ಅಲ್ಲ, ಮಾತು. ಅಲ್ಲಿ ಟೀಚರ್ ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಾರೆ. ನಾವು ಕೈ ಎತ್ತದೆ ಕೂರುವುದನ್ನೇ ಮರ್ಯಾದೆ ಅಂತ ಕಲಿತಿರುತ್ತೇವೆ. ಉತ್ತರ ಗೊತ್ತಿದ್ದರೂ ಬೇರೆಯವರು ಹೇಳಿಬಿಡುತ್ತಾರೆ. "ನನಗೆ ಒಪ್ಪಿಗೆ ಇಲ್ಲ" ಅಂತ ಟೀಚರ್‌ಗೇ ಹೇಳಬಹುದು, ಅವರಿಗೆ ಅದು ಇಷ್ಟ. ಹೋಗುವ ಮುಂಚೆ ಮನೆಯಲ್ಲಿ ಊಟದ ಹೊತ್ತಿಗೆ ಪೇಪರ್ ಸುದ್ದಿ ಹಿಡಿದು ವಾದ ಮಾಡಿ ಆಂಟಿ, ಅವಳು ಹೇಳಿದ್ದನ್ನು ಮಧ್ಯದಲ್ಲಿ ಕತ್ತರಿಸದೆ ಕೇಳಿ. ಅದು ಯಾವ ಇಂಗ್ಲಿಷ್ ಕೋಚಿಂಗ್‌ಗಿಂತಲೂ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಅವಳಿಂದಲೇ ಮಾಡಿಸಬೇಕಾದ ಕೆಲಸ: ಸೂಟ್‌ಕೇಸ್ ಅವಳೇ ತುಂಬಲಿ, ಅವಳೇ ಎತ್ತಿ ನೋಡಲಿ. ನನ್ನ ಜೊತೆ ಬಂದ ಒಬ್ಬ ಹುಡುಗನಿಗೆ ತನ್ನ ಟವೆಲ್ ಎಲ್ಲಿದೆ ಅಂತ ಕೇಳೋಕೆ ಅಮ್ಮನಿಗೆ ಫೋನ್ ಮಾಡಬೇಕಾಗಿತ್ತು, ಪಾಪ. ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡ್) ಇಲ್ಲೇ ಬಳಸೋಕೆ ಕಲಿಸಿ, ಪಿನ್ ನೆನಪಿರಲಿ. ಅಲ್ಲಿನ ಪ್ಲಗ್ ಮೂರು ಚೌಕ ಪಿನ್‌ನದು, ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಜುಲೈ ಆದರೂ ಮಳೆ, ತಣ್ಣನೆ ಗಾಳಿ ಇರುತ್ತೆ, ಒಂದು ಸ್ವೆಟರ್, ಮಳೆ ಜಾಕೆಟ್ ಇಡಿ.

ಇನ್ನೊಂದು. ಫೋಟೋ ಕೇಳುತ್ತಾ ಇರಬೇಡಿ ಪ್ಲೀಸ್. ಗೆಳೆಯರ ಜೊತೆ ನದಿಯಲ್ಲಿ ದೋಣಿ ಹತ್ತುವಾಗ "ಫೋಟೋ ಕಳಿಸು, ಅತ್ತೆ ಕೇಳ್ತಿದ್ದಾರೆ" ಅಂತ ಮೆಸೇಜ್ ಬಂದರೆ ಮನಸ್ಸು ಎರಡು ಕಡೆ ಎಳೆಯುತ್ತೆ. ನಾವು ಮೆಸೇಜ್ ಮಾಡದ ದಿನ ನಾವು ಚೆನ್ನಾಗಿದ್ದೇವೆ ಅಂತಲೇ ಅರ್ಥ.

ರಾಜಾಜಿನಗರದ ಅಪ್ಪ

ಈ ಹುಡುಗಿ ಹೇಳಿದ್ದನ್ನು ಎಲ್ಲರೂ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ವಿಮಾನದ ವಿಷಯ ಒಂದು ಮಾತು. ಒಬ್ಬಂಟಿ ಮಕ್ಕಳನ್ನು ಏರ್‌ಲೈನ್ ಸಿಬ್ಬಂದಿಯೇ ಕರೆದೊಯ್ಯುವ ಸೇವೆ ಸಾಮಾನ್ಯವಾಗಿ 5ರಿಂದ 11 ವರ್ಷದವರಿಗೆ ಕಡ್ಡಾಯ. ಅದಕ್ಕೆ ಮೇಲ್ಪಟ್ಟವರು ಬೇಕಿದ್ದರೆ ದುಡ್ಡು ಕಟ್ಟಿ ತೆಗೆದುಕೊಳ್ಳಬಹುದು. ನಿಯಮ ಏರ್‌ಲೈನಿಗೊಂದು ಥರ, ಬುಕ್ ಮಾಡುವ ಮುಂಚೆ ಕೇಳಿ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ ಇದೆ. ಮೊದಲ ಸಲ ಒಬ್ಬಳೇ ಹೋಗುವವಳಿಗೆ ನೇರ ವಿಮಾನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ರಾತ್ರಿ ಎರಡಕ್ಕೆ ದುಬೈನಲ್ಲೋ ದೋಹಾದಲ್ಲೋ ಗೇಟ್ ಹುಡುಕುವ ಪಾಡು ಮುಂದಿನ ಸಲ ಇರಲಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಹೆಬ್ಬಾಳದ ಟ್ರಾಫಿಕ್ ಲೆಕ್ಕ ಹಾಕಿ ಮನೆ ಬಿಡಿ.

ಜಯನಗರದ ತಾಯಿ

ಎಲ್ಲರಿಗೂ ಜುಲೈನಿಂದ ನಮಸ್ಕಾರ. ಮಗಳು ಅಲ್ಲಿ ಎರಡನೇ ವಾರದಲ್ಲಿದ್ದಾಳೆ. ನೀವೆಲ್ಲ ಅಷ್ಟು ಅಕ್ಕರೆಯಿಂದ ಬರೆದಿರಿ, ಏನಾಯಿತು ಅಂತ ಹೇಳದೆ ಇರುವುದು ಸರಿಯಲ್ಲ.

ಮೇ ತಿಂಗಳಲ್ಲಿ ಮೈಸೂರಿನ ಗೆಳತಿಯ ಮನೆಯಲ್ಲಿ ಒಂದಷ್ಟು ದಿನ ಇದ್ದಳು. ವೆಕ್ಟರ್, ತ್ರಿಕೋನಮಿತಿ ರಜೆಯಲ್ಲೇ ಓದಿಕೊಂಡಳು. ಪ್ರಿನ್ಸಿಪಾಲರು ಪತ್ರ ನೋಡಿ, ಬಂದಮೇಲೆ ತರಗತಿಯಲ್ಲಿ ಅಲ್ಲಿನ ಅನುಭವ ಹೇಳಬೇಕು ಅಂತ ಷರತ್ತು ಹಾಕಿ ಒಪ್ಪಿದರು. ಸಂಸ್ಥೆಯವರು ಸುರಕ್ಷತೆಯ ಪ್ರಶ್ನೆಗಳಿಗೆಲ್ಲ ಮರುದಿನವೇ ಉತ್ತರ ಕೊಟ್ಟರು.

ಮೂರನೇ ಸಂಜೆ ಫೋನ್ ಬಂತು. ಬಿಕ್ಕಿ ಬಿಕ್ಕಿ ಅಳು. "ಅಮ್ಮ, ಇಲ್ಲಿ ಎಲ್ಲರೂ ಮೊದಲೇ ಗುಂಪು ಮಾಡಿಕೊಂಡಿದ್ದಾರೆ, ನಾನು ಮಾತಾಡೋಕೆ ಬಾಯಿ ತೆಗೆದರೆ ವಿಷಯವೇ ಬದಲಾಗಿರುತ್ತೆ. ನನಗೆ ಬೇಡ." ನನ್ನ ಗಂಡ ಆಗಲೇ ಟಿಕೆಟ್ ನೋಡಲು ಲ್ಯಾಪ್‌ಟಾಪ್ ತೆಗೆದಿದ್ದರು. ನಾನು ಕೈಸನ್ನೆ ಮಾಡಿ ತಡೆದೆ. ಅವಳನ್ನು ಅಳಲು ಬಿಟ್ಟೆ. ಆಮೇಲೆ ಕೌನ್ಸೆಲರ್ ಮೇಡಂ ಹೇಳಿಕೊಟ್ಟ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಊಟಕ್ಕೆ ಪಕ್ಕದಲ್ಲಿ ಯಾರು ಕೂತಿದ್ದರು ಅಂದೆ. "ಬ್ರೆಜಿಲ್ ಹುಡುಗಿ, ಅವಳಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ" ಅಂದಳು. ನಾಳೆ ಅವಳ ಪಕ್ಕವೇ ಕೂರು ಅಂದೆ. ಅತ್ತೆ ಫೋನ್ ಇಸಿದುಕೊಂಡರು. ನನಗೆ ಎದೆ ಧಸಕ್ ಅಂತು, ವಾಪಸ್ ಬಾ ಅಂತಾರೇನೋ ಅಂತ. ಅವರು ಕೇಳಿದ್ದು, "ಚಟ್ನಿಪುಡಿ ಆ ಮಗುವಿಗೆ ಕೊಟ್ಟೆಯಾ?"

ಮಾರನೇ ದಿನ ಫೋನ್ ಬರಲಿಲ್ಲ. ಒಂದು ಮೆಸೇಜ್ ಮಾತ್ರ: ಈರುಳ್ಳಿಯಿಂದ ಡಿಎನ್‌ಎ ಬೇರೆ ಮಾಡಿ ಕಡ್ಡಿಗೆ ಸುತ್ತಿದ ಫೋಟೋ. ಬಿಳಿ ನೂಲಿನ ಥರ ಇತ್ತು. ಈಗ ನಾವು ಫೋನ್ ಮಾಡಿದರೆ "ಅಮ್ಮ, ಆಮೇಲೆ ಮಾಡ್ತೀನಿ" ಅಂತಾಳೆ. ಸತ್ಯವಾಗಿ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ.

ಶಾಲಾ ಕೌನ್ಸೆಲರ್, ಬನಶಂಕರಿ

ಇದನ್ನು ಓದಿ ಎಷ್ಟು ಸಂತೋಷವಾಯಿತು ಗೊತ್ತಾ ಮೇಡಂ. ಒಂದು ಕಿವಿಮಾತು, ವಾಪಸ್ ಬಂದಮೇಲಿನ ಮೊದಲ ವಾರಕ್ಕೆ. ಮಕ್ಕಳು ಸ್ವಲ್ಪ ಮಂಕಾಗುತ್ತಾರೆ. ಅಲ್ಲಿನ ಗೆಳೆಯರ ನೆನಪು, ಇಲ್ಲಿ ಯಾರಿಗೂ ತನ್ನ ಮಾತು ಅರ್ಥವಾಗದು ಅನ್ನುವ ಭಾವನೆ. "ಅಷ್ಟು ಖರ್ಚು ಮಾಡಿ ಕಳಿಸಿದ್ವಿ, ಮುಖ ಯಾಕೆ ಹೀಗಿದೆ" ಅನ್ನಬೇಡಿ. ಬಂದವರಿಗೆಲ್ಲ ಇಂಗ್ಲಿಷ್‌ನಲ್ಲಿ ಮಾತಾಡಿ ತೋರಿಸು ಅಂತಲೂ ಅನ್ನಬೇಡಿ. ಕಾಲೇಜಿಗೆ ಕಳಿಸುವ ಮುಂಚೆ ಎರಡು ದಿನ ನಿದ್ದೆ ಮಾಡಲು ಬಿಡಿ.

ಯಲಹಂಕದ ಹೊಸಬಳು

ಈಗಷ್ಟೇ ಪೂರ್ತಿ ಓದಿದೆ. ನನ್ನ ಮಗ ಎಂಟನೇ ತರಗತಿ, ಶಾಲೆಯಲ್ಲಿ ಜರ್ಮನ್ ಕಲಿಯುತ್ತಿದ್ದಾನೆ. ಇಷ್ಟು ದುಡ್ಡು ಹೊಂದಿಸುವ ಶಕ್ತಿ ನಮಗಿಲ್ಲ. ಬೇರೆ ದಾರಿ ಏನಾದರೂ ಇದೆಯಾ?

ರಾಜಾಜಿನಗರದ ಅಪ್ಪ

ಇದೆ ಮೇಡಂ. ಮೊದಲು ನಿಮ್ಮ ಶಾಲೆ ಪಾಶ್ ಅನ್ನುವ, ಜರ್ಮನ್ ಕಲಿಸುವ ಶಾಲೆಗಳ ಜಾಲದಲ್ಲಿದೆಯಾ ಅಂತ ಜರ್ಮನ್ ಟೀಚರ್ ಹತ್ತಿರ ಕೇಳಿ. ಇದ್ದರೆ, ಆ ಶಾಲೆಗಳ ಆಯ್ದ ಮಕ್ಕಳಿಗೆ ಜರ್ಮನ್ ಭಾಷಾ ಸಂಸ್ಥೆಯಾದ ಗೊಯೆಥೆ ಇನ್‌ಸ್ಟಿಟ್ಯೂಟ್ ವಿದ್ಯಾರ್ಥಿವೇತನದ ಮೇಲೆ ಜರ್ಮನಿಯಲ್ಲಿ ಬೇಸಿಗೆ ಭಾಷಾ ಕೋರ್ಸಿಗೆ ಅವಕಾಶ ಕೊಡುತ್ತದೆ. ಇಲ್ಲಿ ಅದರ ಕಚೇರಿ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿದೆ, ಹೋಗಿ ಮಾತಾಡಿ. ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ ಕೆಲವು ವಾರಗಳ ಕಾರ್ಯಕ್ರಮಗಳಿವೆ. ಅಲ್ಲಿನ ಕುಟುಂಬದ ಮನೆಯಲ್ಲಿ ನಿಮ್ಮ ಮಗ ಉಳಿಯುತ್ತಾನೆ, ಅವರ ಮಗು ನಿಮ್ಮ ಮನೆಗೆ ಬರುತ್ತದೆ. ಟಿಕೆಟ್, ವಿಮೆ ನಮ್ಮದು, ಊಟ ವಸತಿ ಅವರದು. ಹತ್ತಿರದ ರೋಟರಿ ಕ್ಲಬ್‌ನಲ್ಲಿ ವಿಚಾರಿಸಿ. ಅವನಿಗೆ 15 ಆಗುವ ಹೊತ್ತಿಗೆ ಅರ್ಜಿ ಹಾಕಬಹುದು. ಅಷ್ಟರಲ್ಲಿ ಪಾಸ್‌ಪೋರ್ಟಿನ ಹೆಸರು, ಜನನ ಪ್ರಮಾಣಪತ್ರದ ಹೆಸರು, ಶಾಲೆಯ ಹೆಸರು ಮೂರನ್ನೂ ಒಂದೇ ಮಾಡಿಸಿಡಿ.